ಕಾರಿನ ಲೈಟ್ ಹತ್ತುತ್ತಿಲ್ಲವೇ? ಬಲ್ಬ್ ತರುವ ಮೊದಲು ಅರ್ತ್ ನೋಡಿ

ಲೈಟ್ ಹೋಯಿತೆಂದರೆ ಹೆಚ್ಚಿನವರು ಮೊದಲು ಓಡುವುದು ಬಲ್ಬ್ ಅಂಗಡಿಗೆ. ಅದಕ್ಕೂ ಮುಂಚೆ ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಎಲ್ಲ ಲೈಟ್‌ಗಳನ್ನೂ ಒಮ್ಮೆ ಹಾಕಿ ನೋಡಿ. ಹಿಂದಿನವನ್ನು ನೋಡಲು ಇನ್ನೊಬ್ಬರನ್ನು ಕರೆಯಿರಿ.

ಒಂದೇ ಕಡೆಯದು ಹೋಗಿದ್ದರೆ ತೊಂದರೆ ಹೆಚ್ಚಾಗಿ ಬಲ್ಬ್, ಹೋಲ್ಡರ್ ಅಥವಾ ಅರ್ತ್‌ನಲ್ಲಿ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ). ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಫ್ಯೂಸ್, ರಿಲೇ (ಕರೆಂಟಿನಿಂದಲೇ ನಡೆಯುವ ಪುಟ್ಟ ಸ್ವಿಚ್) ಅಥವಾ ಸ್ವಿಚ್‌ನಲ್ಲಿ. ಇಂಡಿಕೇಟರ್ ಟಕಟಕ ಎಂದು ಬೇಗ ಬೇಗ ಮಿನುಗಿದರೆ ಆ ಬದಿಯ ಒಂದು ಬಲ್ಬ್ ಸತ್ತಿರುವ ಸಾಧ್ಯತೆ ಜಾಸ್ತಿ. ಬ್ರೇಕ್ ಲೈಟ್ ಎರಡೂ ಇಲ್ಲವೆಂದರೆ ಪೆಡಲ್ ಮೇಲ್ಗಡೆ ಇರುವ ಸ್ವಿಚ್ ಅನ್ನೂ ನೋಡಿ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದನ್ನೇ ಹಾಕಿ: ಕೆಂಪು 10, ನೀಲಿ 15, ಹಳದಿ 20. ಮತ್ತೆ ಹೋದರೆ ಎಲ್ಲೋ ವೈರ್ ಶಾರ್ಟ್ ಆಗುತ್ತಿದೆ. ದೊಡ್ಡ ಫ್ಯೂಸ್ ಹಾಕಬೇಡಿ, ತಂತಿ ಸುತ್ತಲೇಬೇಡಿ. ಫ್ಯೂಸ್ ಬದಲು ವೈರೇ ಸುಡುತ್ತದೆ, ಕಾರಿಗೆ ಬೆಂಕಿ ಹತ್ತಬಹುದು.

ಈಗ ಅರ್ತ್. ಬಲ್ಬ್‌ಗೆ ಬಂದ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗಬೇಕು. ಆ ದಾರಿಯಲ್ಲಿ ತುಕ್ಕು ಹಿಡಿದರೆ ಲೈಟ್ ಮಂಕಾಗುತ್ತದೆ. ಬ್ರೇಕ್ ತುಳಿದಾಗ ಇಂಡಿಕೇಟರ್ ಸಣ್ಣಗೆ ಬೆಳಗುವುದು ಇದರ ಸ್ಪಷ್ಟ ಗುರುತು. ಉಪ್ಪುಗಾಳಿಯ ಮಂಗಳೂರು, ಉಡುಪಿ ಕಡೆ ಓಡುವ ಕಾರುಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಲೈಟ್ ಹಾಕಿಯೇ ಇರಲಿ, ಬಲ್ಬ್‌ಗೆ ವೈರ್ ಜೋಡಿಸುವ ಕಪ್ಲರ್ ಬಿಚ್ಚಬೇಡಿ. ಕೆಂಪು ಮೊನೆ ಹೋಲ್ಡರ್‌ನ ಅರ್ತ್ ವೈರ್‌ಗೆ, ಕಪ್ಪು ಮೊನೆ ಬ್ಯಾಟರಿ ನೆಗೆಟಿವ್‌ಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಸ್ವಿಚ್ ಅರ್ತ್ ಕಡೆಯೇ ಇರುತ್ತದೆ. ಅಂಥ ಕಾರಿನಲ್ಲಿ ತೊಂದರೆ ಸ್ವಿಚ್‌ನಲ್ಲೂ ಇರಬಹುದು.

ಕೊನೆಗೂ ಬಲ್ಬೇ ಹೋಗಿದೆ ಎಂದಾದರೆ, ಹೊಸ ಹ್ಯಾಲೊಜೆನ್ ಬಲ್ಬ್‌ನ ಗಾಜನ್ನು ಬರಿ ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದರೆ ಅದು ಬೇಗ ಹಾಳಾಗುತ್ತದೆ. ಬ್ರೈಟ್, ಡಿಪ್ ಎರಡೂ ಒಂದರಲ್ಲೇ ಇರುವ ಎಚ್4 ಹೆಡ್‌ಲೈಟ್ ಬಲ್ಬ್ 60/55 ವ್ಯಾಟ್‌ನದು. ಚಾರ್ಮಾಡಿ ಘಾಟಿಯ ಮಂಜಿಗೆ ಬೇಕೆಂದು 100/90 ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಹೋಲ್ಡರ್ ಕರಗಬಹುದು, ಎದುರಿನವರ ಕಣ್ಣು ಕುಕ್ಕುತ್ತದೆ. ಮಂಜಿನಲ್ಲಿ ಬೆಳಕು ಜಾಸ್ತಿಯಾದಷ್ಟೂ ಅದು ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ, ಅಲ್ವಾ? ಅಲ್ಲಿ ಡಿಪ್ ಹಾಕಿ ನಿಧಾನ ಹೋಗುವುದೇ ಸರಿ.