ಕನ್, ಕಿನ್, ಮೊಮ್ಮೆ: ಜಪಾನಿನ ಹಳೆಯ ತೂಕ ಗ್ರಾಂನಲ್ಲಿ ಎಷ್ಟು?

ಈ ಲೆಕ್ಕಕ್ಕೆ ಒಂದು ಸಂಖ್ಯೆ ನೆನಪಿದ್ದರೆ ಸಾಕು: 3.75. ಒಂದು ಮೊಮ್ಮೆ ಅಂದರೆ 3.75 ಗ್ರಾಂ. ಸಾವಿರ ಮೊಮ್ಮೆ ಸೇರಿದರೆ ಒಂದು ಕನ್, 3.75 ಕಿಲೋ. ಇದು ಅಂದಾಜಲ್ಲ, 1891ರ ಕಾಯ್ದೆ ಕಿಲೋಗ್ರಾಮನ್ನೇ ಆಧಾರವಾಗಿಟ್ಟು ಗೊತ್ತುಮಾಡಿದ ತೂಕ. ಜಪಾನಿನ 5 ಯೆನ್ ನಾಣ್ಯ ಕೈಗೆ ಸಿಕ್ಕರೆ ತೂಗಿ ನೋಡಿ. ಅದೂ ಒಂದು ಮೊಮ್ಮೆಯೇ.

ಕನ್ ಲೆಕ್ಕ ಬಾಯಲ್ಲೇ ಮಾಡಬಹುದು. ನಾಲ್ಕರಿಂದ ಗುಣಿಸಿ, ಮೂಲ ಸಂಖ್ಯೆಯ ಕಾಲು ಭಾಗ ಕಳೆಯಿರಿ. 8 ಕನ್ ಆದರೆ 32ರಲ್ಲಿ 2 ಹೋಗಿ 30 ಕಿಲೋ. ಜೊತೆಗೆ ಮೊಮ್ಮೆಯೂ ಇದ್ದರೆ ದಶಮಾಂಶವಾಗಿ ಬರೆದುಕೊಳ್ಳಿ: 2 ಕನ್ 350 ಮೊಮ್ಮೆ ಅಂದರೆ 2.350 ಕನ್, 3.75ರಿಂದ ಗುಣಿಸಿದರೆ 8.8125 ಕಿಲೋ. ಗ್ರಾಂನಿಂದ ಮೊಮ್ಮೆಗೆ ಹೋಗಲು ನಾಲ್ಕರಿಂದ ಗುಣಿಸಿ 15ರಿಂದ ಭಾಗಿಸಿ.

ಎಡವುವುದು ಕಿನ್‌ನಲ್ಲಿ. ಒಂದು ಕಿನ್‌ಗೆ 160 ಮೊಮ್ಮೆ, ಅಂದರೆ 600 ಗ್ರಾಂ. ಇಲ್ಲಿ ದಶಮಾಂಶದ ಉಪಾಯ ನಡೆಯುವುದಿಲ್ಲ. 3 ಕಿನ್ 40 ಮೊಮ್ಮೆಯನ್ನು 3.40 ಎಂದು ಬರೆದರೆ ಲೆಕ್ಕ ಕೆಟ್ಟಿತು. ಮೊದಲು ಎಲ್ಲವನ್ನೂ ಮೊಮ್ಮೆಗೆ ತನ್ನಿ: 480 ಮತ್ತು 40, ಒಟ್ಟು 520. ಅದು 1,950 ಗ್ರಾಂ. ಇನ್ನು ಜಪಾನಿನ ಅಂಗಡಿಯ ಬ್ರೆಡ್ ಮೇಲೆ 1 ಕಿನ್ ಎಂದಿದ್ದರೆ 600 ಗ್ರಾಂ ನಿರೀಕ್ಷಿಸಬೇಡಿ. ಬ್ರೆಡ್ಡಿನ ಕಿನ್ ಇಂಗ್ಲಿಷ್ ಪೌಂಡಿನಿಂದ ಬಂದದ್ದು, ಈಗ ಕನಿಷ್ಠ 340 ಗ್ರಾಂ ಅಷ್ಟೇ.

ಜಪಾನಿನ ಹಳೆಯ ಕೊಕು, ಶೋ, ಗೋ ತೂಕಗಳೇ ಅಲ್ಲ, ನಮ್ಮ ಪಾವು ಸೇರಿನ ಹಾಗೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಹೇಳುವ ಅಳತೆಗಳು. ಒಂದು ಗೋ ಸುಮಾರು 180 ಮಿಲಿಲೀಟರ್. ಅಷ್ಟು ಜಾಗದಲ್ಲಿ ಅಕ್ಕಿ ಸುಮಾರು 150 ಗ್ರಾಂ ಹಿಡಿಯುತ್ತದೆ, ನೀರು 180 ಗ್ರಾಂ. ಏನನ್ನು ಅಳೆದದ್ದು ಎಂದು ತಿಳಿಯದೆ ತೂಕ ಹೇಳಲಾಗದು.

ಮೊಮ್ಮೆ ಇಂದಿಗೂ ಬದುಕಿರುವುದು ಮುಖ್ಯವಾಗಿ ಎರಡು ಕಡೆ. ಮುತ್ತಿನ ವ್ಯಾಪಾರದಲ್ಲಿ ಅದು ಅದೇ 3.75 ಗ್ರಾಂ. ರೇಷ್ಮೆಯಲ್ಲಿ ಮಾತ್ರ ಅರ್ಥವೇ ಬೇರೆ: ಬಟ್ಟೆ ತನ್ನ ಅಳತೆಗೆ ಎಷ್ಟು ಭಾರ ಎಂಬ ಲೆಕ್ಕ, ಒಂದು ಮೊಮ್ಮೆಗೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. 19 ಮೊಮ್ಮೆಯ ರೇಷ್ಮೆ ಚದರ ಮೀಟರಿಗೆ 82.5 ಗ್ರಾಂ ತೂಗುತ್ತದೆ. 1.1 ಮೀಟರ್ ಅಗಲದ ಥಾನಿನಿಂದ 5 ಮೀಟರ್ ಕತ್ತರಿಸಿದರೆ ಸುಮಾರು 454 ಗ್ರಾಂ. ಇಲ್ಲಿ 3.75 ಹಾಕಿದರೆ ತೂಕ ಏಳರಲ್ಲಿ ಒಂದು ಪಾಲಿನಷ್ಟು ಕಡಿಮೆ ಬರುತ್ತದೆ.