ಕಣಜ, ಮಂಗಟ್ಟೆ, ಕಾಟಿ: ನನ್ನ ಗೇಮಿನ ಹಡಗುಗಳ ಕಾಳಗ ಹದಕ್ಕೆ ತಂದಿದ್ದು

ನಮ್ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ಸುತ್ತ ಅಡಿಕೆ ತೋಟ, ಮಳೆಗಾಲ ಶುರುವಾಯ್ತು ಅಂದ್ರೆ ಕರೆಂಟು ಯಾವಾಗ ಬರತ್ತೆ ಯಾವಾಗ ಹೋಗತ್ತೆ ಹೇಳೋಕಾಗಲ್ಲ. ಹಗಲು ಬೇರೆ ಕಂಪನಿ ಕೆಲ್ಸ, ರಾತ್ರಿ ಊಟ ಆದ್ಮೇಲೆ ನನ್ನದೇ ಒಂದು ಗೇಮ್ ಮಾಡ್ತಾ ಬಂದಿದೀನಿ, ಎರಡೂವರೆ ವರ್ಷ ಆಯ್ತು. ಬಾಹ್ಯಾಕಾಶದಲ್ಲಿ ನಡೆಯೋ ಸ್ಟ್ರಾಟಜಿ ಗೇಮು, ಗ್ರಹ ಹಿಡಿಯೋದು, ಗಣಿ ಹಾಕೋದು, ಹಡಗು ಕಟ್ಟೋದು, ಎದುರಿನವ್ನ ಹಡಗುಪಡೆ ಜೊತೆ ಕಾದಾಡೋದು. ಗೊಡೋ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರಲ್ಲಿ (ಗೇಮ್ ಇಂಜಿನ್) ಮಾಡ್ತಿರೋದು. ಗ್ರಹ, ಗಣಿ, ವ್ಯಾಪಾರ ಎಲ್ಲಾ ಎಂಟು ತಿಂಗಳಲ್ಲಿ ಒಂದು ಆಕಾರಕ್ಕೆ ಬಂತು, ಆದ್ರೆ ಹಡಗು-ಹಡಗಿನ ಕಾಳಗ ಇದ್ಯಲ್ಲ, ಅದೊಂದೇ ಒಂದು ವರ್ಷದ ಮೇಲೆ ತಿಂತು. ಅದನ್ನ ಹೇಗೆ ಸರಿ ಮಾಡ್ದೆ ಅಂತ ಬರೀತೀನಿ, ಇದೇ ದಾರಿಲಿ ಹೊರಟವ್ರಿಗೆ ನನ್ನಷ್ಟು ರಾತ್ರಿ ಹಾಳಾಗೋದು ಬೇಡ.

ಹಡಗುಗಳಿಗೆ ನಮ್ಮ ಕಡೆ ಹೆಸ್ರೇ ಇಟ್ಟೆ. ಸಣ್ಣದು ಕಣಜ, ಗುಂಪಲ್ಲಿ ಬಂದು ಕುಟುಕಿ ಹೋಗೋದು. ದೂರದಿಂದ ಕ್ಷಿಪಣಿ ಬಿಡೋದು ಮಂಗಟ್ಟೆ, ದೊಡ್ಡ ಕೊಕ್ಕಿನ ಹಕ್ಕಿ ಹೆಸ್ರು. ದೊಡ್ಡದು ಕಾಟಿ, ಅಂದ್ರೆ ಕಾಡುಕೋಣ. ಒಂಟಿ ಕಾಟಿ ತೋಟಕ್ಕೆ ಬಂದು ನಿಂತಿದ್ದನ್ನ ನೋಡಿದವ್ರಿಗೆ ಆ ಹೆಸ್ರು ಯಾಕೆ ಅಂತ ಹೇಳ್ಬೇಕಾಗಿಲ್ಲ.

ಮೊದಲ ವರ್ಷನ್‌ನಲ್ಲಿ ನನ್ನ ಲೆಕ್ಕ ತುಂಬಾ ಸರಳ ಇತ್ತು. ಕಣಜಕ್ಕೆ ಬೆಲೆ 100, ಹೆಚ್‌ಪಿ (ಸಾಯೋ ಮುಂಚೆ ಎಷ್ಟು ಏಟು ತಡೆಯತ್ತೆ ಅನ್ನೋದು) 100, ಸೆಕೆಂಡಿಗೆ ಡ್ಯಾಮೇಜ್ (ಅದು ಕೊಡೋ ಏಟು) 10. ಕಾಟಿಗೆ ಎಲ್ಲಾ ಹತ್ತು ಪಟ್ಟು, ಬೆಲೆ 1000, ಹೆಚ್‌ಪಿ 1000, ಡ್ಯಾಮೇಜ್ 100. ಹತ್ತು ಕಣಜ ಅಂದ್ರೆ ಒಂದು ಕಾಟಿ, ಸಮ ಆಯ್ತಲ್ಲ ಅಂದ್ಕೊಂಡೆ. ಓಡ್ಸಿ ನೋಡಿದ್ರೆ ಕಾಟಿ ಆರಾಮಾಗಿ ಗೆದ್ದು ಅದ್ರ ಹತ್ರ ಇನ್ನೂ 550 ಹೆಚ್‌ಪಿ ಉಳಿದಿತ್ತು. ಯಾಕೆ ಅಂದ್ರೆ ಕಾಟಿ ಶುರುವಲ್ಲೇ ಒಂದು ಗುಂಡಿಗೆ ಒಂದು ಕಣಜ ಉದುರಿಸತ್ತೆ, ಆಮೇಲೆ ಸೆಕೆಂಡಿಗೊಂದು, ಹಾಗಾಗಿ ಕಾಟಿಗೆ ಬೀಳೋ ಏಟು 90, 80, 70 ಅಂತ ಇಳೀತಾ ಹೋಗತ್ತೆ, ಎಲ್ಲಾ ಕೂಡಿದ್ರೆ 450. ಕಾಟಿ ಮಾತ್ರ ಸಾಯೋ ತನಕ ಪೂರಾ 100 ಹೊಡೀತಾನೇ ಇರತ್ತೆ, ಅದು ಅರ್ಧ ಸತ್ರೂ ಅದ್ರ ಫಿರಂಗಿ ಅರ್ಧ ಆಗಲ್ಲ.

ಸರಿ, ಕಾಟಿ ಫಿರಂಗಿ ಗಂಭೀರವಾಗಿ ಕಾಣ್ಲಿ ಅಂತ ಸೆಕೆಂಡಿಗೆ 100ರ ಬದ್ಲು ಮೂರು ಸೆಕೆಂಡಿಗೊಮ್ಮೆ 300 ಮಾಡ್ದೆ. ಕಾಗದದ ಮೇಲೆ ಎರಡೂ ಒಂದೇ. ಓಡ್ಸಿದ್ರೆ ಫಲಿತಾಂಶ ಪೂರ್ತಿ ತಲೆಕೆಳಗು, 14ನೇ ಸೆಕೆಂಡಿಗೆ ಕಾಟಿ ಸತ್ತು ಐದು ಕಣಜ ಉಳೀತು. 100 ಹೆಚ್‌ಪಿ ಇರೋ ಕಣಜಕ್ಕೆ 300 ಹೊಡೆದ್ರೆ 200 ಗಾಳಿಗೆ ಹೋಯ್ತು ಅಷ್ಟೇ. ಇದಕ್ಕೆ ಓವರ್‌ಕಿಲ್ ಅಂತಾರೆ, ಸ್ಪ್ರೆಡ್‌ಶೀಟಲ್ಲಿ ಇದು ಕಾಣೋದೇ ಇಲ್ಲ. ಆ ರಾತ್ರಿ ಸೆಕೆಂಡಿಗೆಷ್ಟು ಡ್ಯಾಮೇಜ್ ಅನ್ನೋ ಕಾಲಮ್ ನಂಬಿ ಬೆಲೆ ಕಟ್ಟೋದು ಬಿಟ್ಬಿಟ್ಟೆ.

ಓವರ್‌ಕಿಲ್ ಗುಂಪಲ್ಲೂ ಬರತ್ತೆ. ಇಪ್ಪತ್ತು ಮಂಗಟ್ಟೆ ಒಟ್ಟಿಗೆ ಇದ್ರೆ ಇಪ್ಪತ್ತೂ ಹತ್ತಿರದ ಒಂದೇ ಶತ್ರುವಿಗೆ ಕ್ಷಿಪಣಿ ಬಿಡ್ತಿದ್ವು, ನಾಲ್ಕಕ್ಕೆ ಅದು ಸತ್ತು ಉಳಿದ ಹದಿನಾರು ದಂಡ. ನಮ್ಮ ತೋಟದಲ್ಲಿ ಕೊಯ್ಲಿನ ದಿನ ಮರದ ಮೇಲಿಂದ ಹಗ್ಗದಲ್ಲಿ ಅಡಿಕೆ ಕೊನೆ (ಗೊನೆ) ಇಳಿಸ್ತಾರೆ, ಕೆಳಗೆ ಅದನ್ನ ಹಿಡಿಯೋನು ಒಬ್ಬ, ಒಂದೇ ಕೊನೆಗೆ ನಾಲ್ಕು ಜನ ಓಡಿದ್ರೆ ಪಕ್ಕದ ಮರದ್ದು ನೆಲಕ್ಕೆ ಬಿದ್ದು ಉದುರಿ ಹೋಗತ್ತೆ. ಅದನ್ನೇ ಕೋಡಿಗೆ ಇಳಿಸ್ದೆ. ಪ್ರತಿ ಶತ್ರು ಹಡಗಿನ ಮೇಲೂ ‘ದಾರೀಲಿರೋ ಡ್ಯಾಮೇಜ್’ ಅಂತ ಒಂದು ಲೆಕ್ಕ ಇಟ್ಟೆ, ಕ್ಷಿಪಣಿ ಹೊರಟ ಕೂಡ್ಲೇ ಅದಕ್ಕೆ ಸೇರ್ಸೋದು, ಆ ಲೆಕ್ಕ ಹೆಚ್‌ಪಿಗಿಂತ ಜಾಸ್ತಿ ಆದ್ರೆ ಮುಂದಿನ ಮಂಗಟ್ಟೆ ಬೇರೆ ಗುರಿ ಹುಡುಕ್ಬೇಕು. ಹತ್ತು ಸಾಲಿನ ಕೋಡು, ಆದ್ರೆ ಮಂಗಟ್ಟೆ ಬಲ ಎಷ್ಟು ಏರ್ತು ಅಂದ್ರೆ ಅದ್ರ ಬೆಲೆಯನ್ನೇ ಹೊಸದಾಗಿ ಕಟ್ಬೇಕಾಯ್ತು.

ಬೆಲೆ ಕಟ್ಟೋಕೆ ಒಂದು ಸೂತ್ರ ಬೇಕು ಅಂತ ಓದ್ತಾ ಹೋದಾಗ ಫ್ರೆಡರಿಕ್ ಲ್ಯಾಂಚೆಸ್ಟರ್ ಸಿಕ್ಕಿದ್ರು. ಬ್ರಿಟನ್ನಿನ ಕಾರು ಇಂಜಿನಿಯರ್, 1916ರ ಹೊತ್ತಿಗೇ ವಿಮಾನ ಯುದ್ಧದ ಬಗ್ಗೆ ಬರೀತಾ ಈ ಲೆಕ್ಕ ಕೊಟ್ಟಿದಾರೆ. ಕತ್ತಿ ಹಿಡಿದು ಒಬ್ಬನಿಗೊಬ್ಬ ಎದುರಾದ್ರೆ ಬಲ ತಲೆ ಎಣಿಕೆಯಷ್ಟೇ, ಆದ್ರೆ ದೂರದಿಂದ ಎಲ್ರೂ ಎಲ್ರಿಗೂ ಹೊಡೆಯೋ ಹಾಗಿದ್ರೆ ಬಲ ಸಂಖ್ಯೆಯ ವರ್ಗದಷ್ಟು. ಒಂದೇ ತರದ 10 ಹಡಗು 8ರ ಎದುರು ನಿಂತ್ರೆ ಗೆದ್ದವ್ರ ಹತ್ರ 2 ಉಳಿಯಲ್ಲ, ನೂರರಲ್ಲಿ ಅರವತ್ನಾಲ್ಕು ಕಳೆದು ಮೂವತ್ತಾರು, ಅದ್ರ ವರ್ಗಮೂಲ 6, ಅಂದ್ರೆ 6 ಹಡಗು ಉಳಿಯತ್ತೆ. 1805ರ ಟ್ರಾಫಾಲ್ಗರ್ ಸಮುದ್ರ ಕಾಳಗವನ್ನೂ ಅವ್ರು ಇದೇ ಕಣ್ಣಲ್ಲಿ ನೋಡಿದಾರೆ, ಬ್ರಿಟಿಷ್ ನೌಕಾಪತಿ ನೆಲ್ಸನ್ ಕೈಲಿ 27 ಯುದ್ಧನೌಕೆ, ಎದುರು ಫ್ರಾನ್ಸ್-ಸ್ಪೇನಿನ 33, ಎದುರಿನ ಸಾಲನ್ನ ಮಧ್ಯ ಕತ್ತರಿಸಿ ಒಂದು ಭಾಗಕ್ಕೆ ತನ್ನವ್ರನ್ನೆಲ್ಲ ಒಟ್ಟು ಮಾಡೋದೇ ಆತನ ಯೋಜನೆ.

ಇದನ್ನ ಓದ್ವಾಗ ನಂಗೆ ನೆನಪಾಗಿದ್ದು ಅಜ್ಜನ ಮನೆ ಜಗಲಿ ಕಲ್ಲಿನ ಮೇಲೆ ಗೀರಿಟ್ಟಿದ್ದ ಹುಲಿ-ಕುರಿ ಆಟ. ನಾವು ಆಡ್ತಿದ್ದದ್ದು 3 ಹುಲಿ 15 ಕುರಿ. ಒಂಟಿ ಕುರಿ ಹಿಂದೆ ಮನೆ ಖಾಲಿ ಇದ್ರೆ ಹುಲಿ ಹಾರಿ ತಿಂದುಬಿಡತ್ತೆ, ಎರಡು ಕುರಿ ಒಂದರ ಹಿಂದೊಂದು ನಿಂತ್ರೆ ಹಾರೋಕೇ ಆಗಲ್ಲ. ಎರಡು ಕಡೆಯೂ ಒಂಚೂರೂ ಸಮ ಇಲ್ಲ, ಕಾಯಿ ಎಣಿಕೆ ಬೇರೆ, ನಡಿಗೆ ಬೇರೆ, ಗೆಲ್ಲೋ ರೀತಿಯೂ ಬೇರೆ, ಆದ್ರೂ ಅಜ್ಜಿ ಹುಲಿ ಹಿಡಿದ್ರೂ ಗೆಲ್ತಿದ್ರು ಕುರಿ ಹಿಡಿದ್ರೂ ಗೆಲ್ತಿದ್ರು. ನಾನು ಎಲ್ಲಾ ಹಡಗನ್ನ ಸಮ ಮಾಡೋಕೆ ಹೊರಟಿದ್ದೆ, ಅದೇ ತಪ್ಪು ದಾರಿ. ಪ್ರತಿ ಹಡಗಿಗೂ ಒಂದು ಹೆದರಿಕೆ ಇರ್ಬೇಕು, ಒಂದು ಜಾಗದಲ್ಲಿ ಅದೇ ರಾಜ ಆಗಿರ್ಬೇಕು, ನಾನು ಕಟ್ಬೇಕಾಗಿದ್ದು ಅದನ್ನ.

ಲ್ಯಾಂಚೆಸ್ಟರ್ ಲೆಕ್ಕದಿಂದ ಬೆಲೆಗೆ ಸಿಕ್ಕಿದ್ದು ಇಷ್ಟು: ಹೆಚ್‌ಪಿಯನ್ನ ಡ್ಯಾಮೇಜಿಂದ ಗುಣಿಸಿ ವರ್ಗಮೂಲ ತಗೊಂಡ್ರೆ ಹಡಗಿನ ಬಲ ಬರತ್ತೆ. ಬರೀ ಹೆಚ್‌ಪಿ 4 ಪಟ್ಟು ಮಾಡಿದ್ರೆ ಬಲ 2 ಪಟ್ಟು ಮಾತ್ರ. ನಾನು ಮೊದ್ಲು ಎರಡನ್ನೂ ಕೂಡಿಸಿ ಬೆಲೆ ಕಟ್ತಿದ್ದೆ, ಅದಕ್ಕೇ ಬರೀ ಹೆಚ್‌ಪಿ ತುಂಬ್ಕೊಂಡ ಹಡಗು ಯಾರಿಗೂ ಬೇಡದ ದುಬಾರಿ ಮಾಲು ಆಗಿತ್ತು. ಈ ಸೂತ್ರ ಶುರುವಿಗೆ ಸಾಕು, ರೇಂಜು, ಸ್ಪೀಡು, ಓವರ್‌ಕಿಲ್ ಇದ್ರಲ್ಲಿ ಬರಲ್ಲ, ಅವಕ್ಕೆ ಓಡ್ಸೇ ನೋಡ್ಬೇಕು.

ಹಾಗಾಗಿ ಚಿತ್ರ ಇಲ್ದೆ ಬರೀ ಲೆಕ್ಕದಲ್ಲಿ ಕಾಳಗ ನಡೆಸೋ ಒಂದು ಪೈಥಾನ್ ಸ್ಕ್ರಿಪ್ಟ್ ಬರ್ದೆ. ಯಾವ ಪಡೆ ಎದುರು ಯಾವ ಪಡೆ ಅಂತ ಕೊಟ್ರೆ ಸಾವಿರ ಸಲ ಆಡ್ಸಿ ಗೆಲುವು-ಸೋಲು ಟೇಬಲ್ ಕೊಡತ್ತೆ. ಇದನ್ನ ಮಾಡೋರಿಗೆ ಒಂದು ಮಾತು, ಮೊಟ್ಟಮೊದ್ಲು ಅದೇ ಪಡೆಯನ್ನ ಅದೇ ಪಡೆ ಎದುರು ಬಿಡಿ. 50-50 ಆಸುಪಾಸು ಬರ್ಲೇಬೇಕು. ನಂದ್ರಲ್ಲಿ ಎಡಗಡೆಯವ್ರು ಸಾವಿರದಲ್ಲಿ ಆರುನೂರರ ಮೇಲೆ ಗೆಲ್ತಿದ್ರು. ನಾಲ್ಕು ದಿನ ಹುಡುಕ್ದೆ. ಕೊನೆಗೆ ಗೊತ್ತಾಗಿದ್ದು, ನನ್ನ ಲೂಪಲ್ಲಿ ಎಡಗಡೆ ಹಡಗು ಲಿಸ್ಟಲ್ಲಿ ಮೊದ್ಲು ಇರೋದ್ರಿಂದ ಅದು ಹೊಡೆದ ತಕ್ಷಣ ಬಲಗಡೆಯದ್ದು ಸತ್ತು, ಅದೇ ಕ್ಷಣದಲ್ಲಿ ಹೊಡೀಬೇಕಿದ್ದ ಅದ್ರ ಏಟು ಲೆಕ್ಕಕ್ಕೇ ಬರ್ತಿರ್ಲಿಲ್ಲ. ಈಗ ಒಂದು ಟಿಕ್‌ನ (ಗೇಮಿನ ಲೆಕ್ಕದ ಒಂದು ಕ್ಷಣದ) ಏಟೆಲ್ಲ ಮೊದ್ಲು ಒಟ್ಟು ಮಾಡಿ ಆಮೇಲೆ ಒಂದೇ ಸಲ ಕಳೀತೀನಿ, ಇಬ್ರೂ ಒಟ್ಟಿಗೆ ಸಾಯ್ಬಹುದು. ಅದಕ್ಕೂ ಮುಂಚೆ ಎರಡು ತಿಂಗಳು ನಾನು ಮಾಡಿದ್ದ ಬ್ಯಾಲೆನ್ಸ್ ಎಲ್ಲಾ ಈ ತಪ್ಪಿನ ಮೇಲೇ ಕೂತಿತ್ತು, ಎಲ್ಲಾ ಅಳಿಸಿ ಮತ್ತೆ ಮಾಡ್ದೆ. ತುಂಬಾ ಬೇಜಾರಾಗಿತ್ತು ಆಗ.

ಆರ್ಮರ್, ಅಂದ್ರೆ ಹಡಗಿನ ಕವಚದ ವಿಷಯ. ಶುರುವಲ್ಲಿ ಬರೀ ಕಳೆಯೋ ಲೆಕ್ಕ ಹಾಕಿದ್ದೆ, ಏಟು 10, ಆರ್ಮರ್ 8, ಒಳಗೆ ಹೋಗೋದು 2. ಇದು ಸಣ್ಣ ಫಿರಂಗಿಗೂ ದೊಡ್ಡ ಫಿರಂಗಿಗೂ ಚೆನ್ನಾಗಿ ವ್ಯತ್ಯಾಸ ತರತ್ತೆ, 300ರ ಏಟಿಗೆ 8 ಕಳೆದ್ರೆ ಏನೂ ಅಲ್ಲ. ಆದ್ರೆ ಆಟಗಾರ ಆರ್ಮರ್ ಒಂದು ಮೆಟ್ಲು ಏರ್ಸಿ 9 ಮಾಡ್ದ ಅಂದ್ರೆ ಕಣಜದ ಏಟು 2 ಇದ್ದದ್ದು 1, ಅಂದ್ರೆ ಕಾಟಿ ಆಯಸ್ಸು ಡಬಲ್, ಇನ್ನೊಂದು ಮೆಟ್ಲಿಗೆ ಏಟು ಸೊನ್ನೆ. ಕೊನೆ ಎರಡು ಮೆಟ್ಲಲ್ಲಿ ಎಲ್ಲಾ ಬಲ ಅಡಗಿ ಕೂತಿತ್ತು. ಅದಕ್ಕೆ ಶೇಕಡಾ ಲೆಕ್ಕ ಟ್ರೈ ಮಾಡ್ದೆ, ನೂರನ್ನ ನೂರು ಕೂಡಿಸು ಆರ್ಮರ್‌ನಿಂದ ಭಾಗಿಸೋದು, ಆರ್ಮರ್ 100 ಇದ್ರೆ ಏಟು ಅರ್ಧ, 200 ಇದ್ರೆ ಮೂರರಲ್ಲೊಂದು. ಇದು ನಯವಾಗಿ ಏರತ್ತೆ, ಆದ್ರೆ ಸಣ್ಣ ಏಟು ದೊಡ್ಡ ಏಟು ಎರಡಕ್ಕೂ ಒಂದೇ ಪ್ರಮಾಣ, ಆರ್ಮರ್ ಅನ್ನೋದು ಬರೀ ಇನ್ನೊಂದಿಷ್ಟು ಹೆಚ್‌ಪಿ ಆಗಿಬಿಡ್ತು. ಕಡೆಗೆ ಕಳೆಯೋ ಲೆಕ್ಕಕ್ಕೇ ವಾಪಸ್ ಬಂದು, ಎಷ್ಟೇ ಆರ್ಮರ್ ಇದ್ರೂ ಏಟಿನ ಶೇಕಡಾ 30 ಒಳಗೆ ಹೋಗ್ಲೇಬೇಕು ಅಂತ ಕಟ್ಟು ಹಾಕ್ದೆ. ಇವತ್ತಿಗೂ ಅದೇ ಇದೆ.

ಯಾವ ಹಡಗಿಗೆ ಯಾವ್ದು ಮದ್ದು ಅನ್ನೋದಕ್ಕೆ ತುಂಬಾ ಗೇಮಲ್ಲಿ ಗುಣಕ ಇರತ್ತೆ, ಇದು ಅದಕ್ಕೆ ಮೂರು ಪಟ್ಟು ಹೊಡೆಯತ್ತೆ ಅಂತ. ನಂಗೆ ಅದು ಹಿಡಿಸ್ಲಿಲ್ಲ. ಆಟಗಾರ ಕಣ್ಣಲ್ಲಿ ನೋಡಿ ಅರ್ಥ ಮಾಡ್ಕೊಳೋ ಹಾಗಿರ್ಬೇಕು. ಅದಕ್ಕೆ ಕಾಟಿಯ ದೊಡ್ಡ ಫಿರಂಗಿ ನಿಧಾನಕ್ಕೆ ತಿರುಗೋ ಹಾಗೆ ಮಾಡ್ದೆ. ಪಕ್ಕದಲ್ಲಿ ಸುತ್ತೋ ಕಣಜವನ್ನ ಅದು ಹಿಂಬಾಲಿಸೋಕಾಗಲ್ಲ, ಎದುರು ನಿಂತ ಇನ್ನೊಂದು ಕಾಟಿಗೆ ಮಾತ್ರ ಗುಂಡು ತಪ್ಪಲ್ಲ. ಗುಣಕ ಒಂದೂ ಇಲ್ಲ, ಫಿರಂಗಿ ತಿರುಗೋದನ್ನ ನೋಡಿದ್ರೆ ಸಾಕು.

ಮಂಗಟ್ಟೆ ಬೇರೆ ತರ ಕಾಟ ಕೊಡ್ತು. ಅದ್ರ ರೇಂಜು 900, ಸ್ಪೀಡು 60, ಕಾಟಿದು 600, 40. ಹೊಡೀತಾ ಹಿಂದೆ ಹಿಂದೆ ಓಡಿದ್ರೆ ಕಾಟಿ ಯಾವತ್ತೂ ಅದನ್ನ ಮುಟ್ಟಲ್ಲ. ನೆಲದ ಮೇಲಾದ್ರೆ ಗುಡ್ಡ, ಹೊಳೆ, ಕಾಡು ಏನಾದ್ರೂ ಅಡ್ಡ ಬರತ್ತೆ, ಬಾಹ್ಯಾಕಾಶದಲ್ಲಿ ಎಂತದೂ ಇಲ್ಲ. ಮೊದಲ ಪರಿಹಾರ ಹಡಗಲ್ಲೇ ಸಿಕ್ತು, ಕ್ಷಿಪಣಿ ಬಿಡೋವಾಗ ಮಂಗಟ್ಟೆ ಸ್ಪೀಡು 30ಕ್ಕೆ ಇಳಿಯತ್ತೆ, ಬಿಡ್ತಾನೇ ಇದ್ರೆ 300ರ ಅಂತರ 30 ಸೆಕೆಂಡಲ್ಲಿ ಮುಚ್ಚಿ ಹೋಗತ್ತೆ. ಕ್ಷಿಪಣಿಯೂ ಹನ್ನೆರಡೇ.

ಎರಡನೇದು ಹೊಳೆದಿದ್ದು ಆಗುಂಬೆ ಘಾಟಿಲಿ. ಜುಲೈಯಲ್ಲಿ ಸೋಮೇಶ್ವರದಿಂದ ಹತ್ತಿ ಬರ್ತಿದ್ದೆ, ಮಂಜು ಅಂದ್ರೆ ಮಂಜು, ಮುಂದಿನ ಗಾಡಿಯ ಕೆಂಪು ಲೈಟು ಬಿಟ್ರೆ ಏನೂ ಕಾಣಲ್ಲ. ಒಂದು ತಿರುವಲ್ಲಿ ಮೇಲಿಂದ ಇಳಿಯೋರು ಕೆಳಗಿಂದ ಹತ್ತೋರು ಎದುರುಬದುರಾಗಿ ನಿಂತ್ವಿ. ಎರಡೂ ಕಡೆ ಉದ್ದ ಸಾಲು, ಆದ್ರೆ ತಿರುವಲ್ಲಿ ಲೆಕ್ಕಕ್ಕೆ ಬರೋದು ಮುಂದಿನ ಒಂದೊಂದೇ ಗಾಡಿ, ಹಿಂದೆ ಇಪ್ಪತ್ತಿದ್ರೂ ಐದಿದ್ರೂ ಒಂದೇ. ಅಲ್ಲೇ ಕೂತು ಯೋಚ್ನೆ ಬಂತು, ಲ್ಯಾಂಚೆಸ್ಟರ್ ಹೇಳಿದ ಕತ್ತಿ ಕಾಳಗದ ಲೆಕ್ಕ ಇದೇ ಅಲ್ವಾ, ಜಾಗ ಇಕ್ಕಟ್ಟಾದ್ರೆ ವರ್ಗದ ಲೆಕ್ಕ ಬಿದ್ದೋಗತ್ತೆ. ಮನೆಗೆ ಬಂದು ಗೇಮಿಗೆ ಎರಡು ತರದ ಜಾಗ ಸೇರ್ಸಿದೆ. ಒಂದು ಧೂಳಿನ ಮೋಡ, ಅದ್ರೊಳಗೆ ಎಲ್ರ ರೇಂಜೂ 250. ಇನ್ನೊಂದು ಗ್ರಹದ ಉಂಗುರದ ಕಲ್ಲಿನ ನಡುವಿನ ಕಿರಿದಾದ ದಾರಿ. ಕ್ಷುದ್ರಗ್ರಹ ಪಟ್ಟಿ ಹಾಕ್ಬಹುದಿತ್ತು, ಆದ್ರೆ ನಿಜವಾದ ಪಟ್ಟಿಲಿ ಕಲ್ಲು ಕಲ್ಲಿನ ಮಧ್ಯ ಲಕ್ಷಗಟ್ಲೆ ಕಿಲೋಮೀಟರ್ ಖಾಲಿ ಇರತ್ತೆ, ಇಕ್ಕಟ್ಟು ಬೇಕು ಅಂದ್ರೆ ಶನಿಯಂಥ ಗ್ರಹದ ಉಂಗುರವೇ ಸರಿ. ಐದು ಹಡಗು ಇರೋನು ಹದಿನೈದು ಇರೋನನ್ನ ಅಲ್ಲಿ ತಡೆದು ನಿಲ್ಸಬಹುದು.

ಇಷ್ಟಾಗಿ ಟೇಬಲ್ಲಲ್ಲಿ ಎಲ್ಲಾ 45-55ರ ಒಳಗೆ ಬಂತು. ಖುಷಿಯಲ್ಲಿ ದಸರಾ ರಜಕ್ಕೆ ಬಂದಿದ್ದ ಅಕ್ಕನ ಮಗನ ಕೈಗೆ ಲ್ಯಾಪ್‌ಟಾಪ್ ಕೊಟ್ಟೆ, ಅವ್ನಿಗೆ ಹದಿಮೂರು ವರ್ಷ. ಜಗಲಿ ಮೇಲೆ ಕೂತ್ಕೊಂಡು ಎರಡು ಗಂಟೆ ಆಡ್ದ, ನಾನು ಹಿಂದೆ ಕೂತು ಬಾಯಿ ಮುಚ್ಚಿ ಬರೀ ನೋಡ್ದೆ. ಎರಡನೇ ಕಾಳಗದಿಂದಲೇ ಶುರುವಾದ ತಕ್ಷಣ ನಾಲ್ಕು ಪಟ್ಟು ವೇಗದ ಬಟನ್ ಒತ್ತಿ ಹಲಸಿನ ಚಿಪ್ಸಿಗೆ ಕೈ ಹಾಕ್ತಿದ್ದ.

‘ಯಾಕೋ ಅಪ್ಪಿ, ನೋಡಲ್ವಾ?’ ಅಂದೆ.

‘ಎಂತ ನೋಡದು ಮಾವ, ಜಾಸ್ತಿ ಇದ್ದವ್ರೇ ಗೆಲ್ಲದು. ಒಂದ್ಸಲ ಸೋತ್ರೆ ಆಮೇಲೆ ಪೂರಾ ಗೇಮ್ ಹೋತು.’

ಅವ್ನು ಹೇಳಿದ್ದು ಆ 10 ಮತ್ತು 8ರ ಲೆಕ್ಕವೇ. 8 ಇದ್ದವ್ನು ಎಂಟನ್ನೂ ಕಳ್ಕೊಂಡ, 10 ಇದ್ದವ್ನ ಹತ್ರ 6 ಉಳೀತು, ಇನ್ನು ಅವ್ನು ನೆಟ್ಟಗೆ ರಾಜಧಾನಿಗೆ ನುಗ್ತಾನೆ. ನನ್ನ ಸ್ಕ್ರಿಪ್ಟು ಒಂದೊಂದೇ ಕಾಳಗ ನೋಡ್ತಿತ್ತು, ಹುಡುಗ ಪೂರಾ ಆಟ ನೋಡ್ದ.

ಅಲ್ಲಿಂದ ಮೂರು ತಿಂಗಳು ಬರೀ ಹಿಂದೆ ಸರಿಯೋದರ ಮೇಲೆ ಕೆಲ್ಸ ಮಾಡ್ದೆ. ಓಡಿ ಹೋಗೋ ಆದೇಶ ಕೊಟ್ರೆ 8 ಸೆಕೆಂಡು ಇಂಜಿನ್ ಚಾರ್ಜ್ ಆಗ್ಬೇಕು, ಆ ಹೊತ್ತು ಫಿರಂಗಿ ಬಂದ್, ಏಟು ತಿನ್ನಲೇಬೇಕು, ಆದ್ರೆ ಉಳಿದವು ಬದುಕ್ತವೆ. ಎಲ್ಲಾ ಹಡಗಿನ ಹೆಚ್‌ಪಿಯನ್ನೂ ಎರಡೂವರೆ ಪಟ್ಟು ಏರ್ಸಿದೆ, 14 ಸೆಕೆಂಡಲ್ಲಿ ಮುಗೀತಿದ್ದ ಕಾಳಗ 40 ಸೆಕೆಂಡಿನ ಹತ್ರ ಬಂತು, ಯೋಚ್ನೆ ಮಾಡೋಕೆ ಹೊತ್ತು ಬೇಕಲ್ಲ. ಗೆದ್ದವ್ನಿಗೂ ಸ್ವಂತ ನೆಲೆಯಿಂದ ದೂರ ಹೋದಷ್ಟೂ ರಿಪೇರಿ ನಿಧಾನ, ಕ್ಷಿಪಣಿ ತುಂಬ್ಸೋಕೂ ಆಗಲ್ಲ. ಇದ್ರಿಂದ ಬೆಲೆಗಳು ಮತ್ತೆ ಏರುಪೇರಾದ್ವು, ಕಣಜ ಈಗ 115, ಯಾಕೆ ಅಂದ್ರೆ ಓಡಿಹೋಗೋರನ್ನ ಅಟ್ಟಿಸ್ಕೊಂಡು ಹೋಗಿ ಹೊಡೆಯೋದ್ರಲ್ಲಿ ಅದ್ರಷ್ಟು ಚುರುಕು ಬೇರೆ ಯಾವ್ದೂ ಇಲ್ಲ.

ಹೋದ ತಿಂಗಳು ಅವ್ನು ಮತ್ತೆ ಬಂದಿದ್ದ. ರಾತ್ರಿ, ಹೊರಗೆ ಜೋರು ಮಳೆ, ಇನ್ವರ್ಟರ್ ಮೇಲೆ ಆಟ. ಎರಡು ಕಾಟಿ ಮೂರು ಮಂಗಟ್ಟೆ ಇಟ್ಕೊಂಡು ಉಂಗುರದ ಬಾಯಲ್ಲಿ ನಿಂತಿದ್ದ, ಎದುರು ಮೂವತ್ತು ಕಣಜ. ಒಂದು ಕಾಟಿ ಹೆಚ್‌ಪಿ ಅರ್ಧಕ್ಕಿಂತ ಕೆಳಗೆ ಬಂತು. ಆಟ ನಿಲ್ಲಿಸೋ ಬಟನ್ ಒತ್ತಿ ಸ್ಕ್ರೀನಿಗೆ ಮೂಗು ತಾಗೋ ಹಾಗೆ ಬಗ್ಗಿ ಬೆರಳಲ್ಲಿ ಕಣಜ ಎಣಿಸಿದ, ಮತ್ತೆ ಎಣಿಸಿದ. ಆಮೇಲೆ ಏಟು ತಿಂದ ಕಾಟಿಯನ್ನ ದಾರಿಗೆ ಅಡ್ಡ ನಿಲ್ಸಿ, ಮಂಗಟ್ಟೆ ಮೂರನ್ನೂ ಇನ್ನೊಂದು ಕಾಟಿಯನ್ನೂ ವಾಪಸ್ ಕಳಿಸೋ ಆದೇಶ ಕೊಟ್ಟ. ಎಂಟು ಸೆಕೆಂಡು ಕೈ ಮೌಸ್ ಮೇಲಿಂದ ಎತ್ತಿ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಚಿಪ್ಸ್ ತಟ್ಟೆ ಹಾಗೇ ಇತ್ತು.