ಕುಮಾರ ಪರ್ವತ, ಒಬ್ಬನೇ, ಒಂದೇ ದಿನದಲ್ಲಿ: ಮೂರನೇ ಸಲಕ್ಕೆ ಒಲಿದದ್ದು ಹೀಗೆ

ಕುಕ್ಕೆಯಿಂದ ಹತ್ತಿ ಅದೇ ದಿನ ಕುಕ್ಕೆಗೇ ಇಳಿಯುತ್ತೇನೆ, ಅದೂ ಒಬ್ಬನೇ ಅಂದಾಗ ನಮ್ಮ ಚಾರಣದ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಹೋಗಲೇಬೇಕು ಅಂದ್ರೆ ಸೋಮವಾರಪೇಟೆ ಬದಿಯ ಬೀದಳ್ಳಿ ಕಡೆಯಿಂದ ಹೋಗು ಮಾರಾಯ, ಅಲ್ಲಿಂದ ಏರು ಕಮ್ಮಿ, ಸುಮ್ನೆ ಮಂಡಿ ಹಾಳು ಮಾಡ್ಕೋಬೇಡ" ಎಂದರು. ಅದಾಗಲೇ ಎರಡು ಸಲ ಸೋತು ಬಂದಿದ್ದೆ, ಅವರ ಅನುಮಾನದಲ್ಲಿ ತಪ್ಪೇನಿರಲಿಲ್ಲ. ಆದರೆ ಕಳೆದ ನವೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೆ, ಕುಕ್ಕೆ ಕಡೆಯ ದಾರಿ ಶುರುವಾಗುವ ದೇವರಗದ್ದೆ ಬಿಟ್ಟವನು ಸಂಜೆ ಐದೂಕಾಲರ ಹೊತ್ತಿಗೆ ಅಲ್ಲೇ ಟಾರು ರಸ್ತೆಗೆ ಬಂದು ನಿಂತೆ. ಹೋಗಿಬರಲು ಸುಮಾರು 26 ಕಿಲೋಮೀಟರ್. ತುದಿ 1,712 ಮೀಟರ್, ಅದರಲ್ಲಿ ಹತ್ತಿರತ್ತಿರ 1,600 ಮೀಟರನ್ನು ಕಾಲಿನಲ್ಲೇ ಏರಬೇಕು. ಈಗ ಅದೇ ಗೆಳೆಯರು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲ ಸಲ ಸೋತದ್ದು ದಾರಿಯ ನಡುವೆ ಸಿಗುವ ಗಿರಿಗದ್ದೆಯಲ್ಲಿ. ಅಂದರೆ ಅಲ್ಲಿ ಕೂತದ್ದರಿಂದ. ಚಾರಣಿಗರಿಗೆ ಊಟ ಹಾಕುವ ಅಲ್ಲಿನ ಭಟ್ಟರ ಮನೆಯ ಬಿಸಿ ಅನ್ನ ಸಾಂಬಾರಿನ ಹತ್ತಿರ ಹೋದವರು ಬೇಗ ಏಳುವುದಿಲ್ಲ, ಅಲ್ವಾ? ಉಂಡು, ಕಾಲು ಚಾಚಿ, ಹೊರಟಾಗ ಹನ್ನೊಂದು. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ ಬೋಳುಗುಡ್ಡ, ನೆರಳಿಗೆ ಒಂದು ಮರವಿಲ್ಲ. ಎರಡು ಲೀಟರ್ ನೀರು ಕಲ್ಲು ಮಂಟಪ ಬರುವಷ್ಟರಲ್ಲಿ ಖಾಲಿ. ಕಣ್ಣು ಕತ್ತಲೆ ಬಂದು ಅಲ್ಲಿಂದಲೇ ವಾಪಸ್.

ಎರಡನೇ ಸಲ ಶೂ ಕೈಕೊಟ್ಟಿತು. ದೊಡ್ಡ ಅಂಗಡಿಯೊಂದರಲ್ಲಿ 4,800 ಕೊಟ್ಟು ಕೊಂಡದ್ದು. ತುದಿಗೆ ಮೊದಲು ಸಿಗುವ ಶೇಷ ಪರ್ವತದಿಂದ ಇಳಿದು ಕಾಡು ಹೊಕ್ಕು, ಆ ಬಂಡೆ ಹತ್ತುವ ಜಾಗಕ್ಕೆ ಬಂದಾಗ ಎಡಗಾಲಿನ ಅಟ್ಟೆ ಬಾಯಿ ತೆರೆಯಿತು. ತುದಿ ಅರ್ಧ ಗಂಟೆಯಷ್ಟೂ ದೂರ ಇರಲಿಲ್ಲ. ಟವೆಲ್ ಹರಿದು ಕಟ್ಟಿಕೊಂಡು ಅಷ್ಟುದ್ದ ಇಳಿದೆ. ಬಿಲ್ ತೋರಿಸಿದರೂ ಅಂಗಡಿಯವರು ಬದಲಿಸಿ ಕೊಡಲಿಲ್ಲ. ಬಸ್ಸು, ರೂಮು, ಶೂ, ಬ್ಯಾಗು ಎಲ್ಲ ಸೇರಿ ಆ ಎರಡು ಸೋಲಿಗೆ ಹನ್ನೆರಡು ಸಾವಿರ ಹೋಗಿರಬೇಕು. ಮೂರನೇ ಸಲ ಹಾಕಿಕೊಂಡದ್ದು ಪೇಟೆಬೀದಿಯ 450 ರೂಪಾಯಿಯ ರಬ್ಬರ್ ಶೂ, ಅಡಿಯಲ್ಲಿ ಹಲ್ಲಿರುವಂಥದ್ದು. ಬೇರಿನ ಮೇಲೆ, ಮಣ್ಣಿನ ಇಳಿಜಾರಿನಲ್ಲಿ ಅದರ ಹಿಡಿತವೇ ಬೇರೆ. ಒಟ್ಟು ಖರ್ಚು 2,600ರ ಒಳಗೆ ಮುಗಿಯಿತು.

ನನ್ನ ಲೆಕ್ಕ ಇಷ್ಟೇ. ಕುಕ್ಕೆ ಇರುವುದು ಬೆಟ್ಟದ ಪಡುವಣಕ್ಕೆ. ಬೆಳಗ್ಗೆ ಸೂರ್ಯ ಬೆಟ್ಟದ ಬೆನ್ನಿಗಿರುತ್ತಾನೆ, ನಾವು ಹತ್ತುವ ಮೈಗೆ ಬೆಟ್ಟದ್ದೇ ನೆರಳು. ಆ ನೆರಳು ಸರಿದು ಬಿಸಿಲು ಬಲಿಯುವ ಮೊದಲೇ ಬೋಳುಗುಡ್ಡದ ಹೆಚ್ಚಿನ ಪಾಲು ಮುಗಿಸಬೇಕು. ಅದಕ್ಕೆ ಓಡಬೇಕಿಲ್ಲ, ಕೂರಬಾರದು ಅಷ್ಟೆ. ಗಿರಿಗದ್ದೆಗೆ ಮೊದಲು ಸಿಗುವ ದೊಡ್ಡ ಬಂಡೆ, ಭೀಮನ ಕಲ್ಲಿನ ಹತ್ತಿರವೂ ಕೂರಲಿಲ್ಲ. ಗಿರಿಗದ್ದೆ ಎಂಟಕ್ಕೆ, ಕಲ್ಲು ಮಂಟಪ ಒಂಬತ್ತೂವರೆಗೆ, ತುದಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಬೆಲ್ಲ ಹಾಕಿದ ಅವಲಕ್ಕಿಯನ್ನು ಜೇಬಿನಿಂದ ತೆಗೆದು ನಡೆಯುತ್ತಲೇ ತಿಂದೆ. ಪುನರ್ಪುಳಿ (ಕೋಕಂ) ನೀರಿಗೆ ಉಪ್ಪು ಹಾಕಿ ಒಯ್ದಿದ್ದೆ, ಇನ್ನೊಂದು ಪದಾರ್ಥವನ್ನೂ ಸೇರಿಸಿದ್ದೆ. ಅದೇನು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಧ್ಯಾಹ್ನ ಇಳಿಯುವಾಗ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ನೀರು ಜಾಸ್ತಿ ಬೇಕಾಗುವುದು ಆಗ. ಹಾಗಂತ ಐದು ಲೀಟರ್ ಹೊತ್ತು ತುದಿ ತನಕ ಯಾಕೆ ಹೋಗಬೇಕು? ಹತ್ತುವಾಗಲೇ ದಾರಿಯಲ್ಲಿ ಒಂದು ಲೀಟರಿನ ಬಾಟಲಿ ಬಚ್ಚಿಟ್ಟು ಹೋದೆ. ಜಾಗ ಹೇಳುವುದಿಲ್ಲ. ಮಂಗಗಳಿಗೆ ಸಿಗಬಾರದು, ಬಿಸಿಲು ತಾಗಬಾರದು, ಇಷ್ಟು ನೋಡಿಕೊಂಡು ಎಲ್ಲರೂ ತಮ್ಮ ಜಾಗ ತಾವೇ ಹುಡುಕಿಕೊಳ್ಳಲಿ. ಖಾಲಿ ಬಾಟಲಿಯನ್ನು ಮಾತ್ರ ಕೆಳಗೆ ತರಲೇಬೇಕು.

ಇಂಬಳದ, ಅಂದರೆ ಕಾಡಿನ ಜಿಗಣೆಯ ಮೇಲೂ ಒಂದು ಪ್ರಯೋಗ ಮಾಡಿದೆ. ಮಳೆ ತಡವಾಗಿ ಬಿಟ್ಟಿದ್ದರಿಂದ ಕಾಡಿನ ತರಗೆಲೆ ಇನ್ನೂ ಒದ್ದೆಯಿತ್ತು. ಬಲಗಾಲಿನ ಸಾಕ್ಸಿಗೆ ಉಪ್ಪುನೀರು, ಎಡಗಾಲಿನದಕ್ಕೆ ಹೊಗೆಸೊಪ್ಪು ನೆನೆಸಿದ ನೀರು, ಎರಡನ್ನೂ ಹಿಂದಿನ ರಾತ್ರಿಯೇ ಒಣಗಿಸಿದ್ದೆ. ಒಂದು ಇಂಬಳ ಎಡ ಶೂವಿನ ಮೂತಿ ಹತ್ತಿತು. ಗೇಣು ಹಾಕಿ ಅಳೆಯುವ ಹಾಗೆ ಮೈ ಮಡಚಿ ಚಾಚಿ, ಲೇಸಿನ ತೂತು ದಾಟಿ, ಸಾಕ್ಸಿನ ಹೆಣಿಗೆಗೆ ಬಾಯಿ ಇಟ್ಟಿತು. ಇಟ್ಟ ತಕ್ಷಣ ಮುದುಡಿ ಉದುರಿತು. ಗಿರಿಗದ್ದೆಯಲ್ಲಿ ನಿಂತೇ ನೋಡಿದಾಗ ಬಲಗಾಲಲ್ಲಿ ಎಂಟೋ ಒಂಬತ್ತೋ, ಎಡಗಾಲಲ್ಲಿ ಎರಡೇ. ಉಪ್ಪು ಬೆವರಿಗೇ ತೊಳೆದುಹೋಗುತ್ತದೆ. ಇನ್ನು ಮುಂದೆ ಎರಡೂ ಕಾಲಿಗೆ ಹೊಗೆಸೊಪ್ಪೇ.

ಮಂಡಿಯ ವಿಷಯದಲ್ಲಿ ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ನಾನು ಇಳಿಯುವುದನ್ನು ಮಾಡಿದೆ. ಎರಡು ತಿಂಗಳು ಭಾನುವಾರಗಳಲ್ಲಿ ನಂದಿ ಬೆಟ್ಟಕ್ಕೆ ಹೋಗಿ, ಬೆನ್ನಿಗೆ ಆರು ಕೇಜಿ ಹೊತ್ತು ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಇಳಿಯುತ್ತಿದ್ದೆ. ಸಾವಿರದ ಮೇಲೆ ಮೆಟ್ಟಿಲುಗಳಿವೆ. ಮೊದಲ ವಾರ ತೊಡೆ ಗಡಗಡ ನಡುಗಿತ್ತು. ನಾಲ್ಕನೇ ವಾರಕ್ಕೆ ನಿಂತಿತು.

ಕುಕ್ಕೆಯಿಂದ ರಾತ್ರಿ ಬಸ್ಸು ಹಿಡಿದು, ಸೋಮವಾರ ಬೆಳಗ್ಗೆ ಸೀದಾ ಆಫೀಸಿಗೆ ಹೋದೆ. ಮೆಟ್ರೋ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದೆ.